ಬಫಲೋದ ಹಿಮ ಯಾರ ಪಾಲಿಗೆ?

ಅಮೆರಿಕದ ಬಫಲೋದಲ್ಲಿ ಎಂ.ಎಸ್. ಓದುತ್ತಿರುವ ಮಗನಿಗೆ ಪುಣೆಯಿಂದ ಹೋಗುವ ಫೋನು, ಡಿಸೆಂಬರ್ ಬಂತೆಂದರೆ, ಹೀಗೆ ಶುರುವಾಗುತ್ತದೆ.

"ಇವತ್ತು ಎಷ್ಟಿದೆಯೋ ಅಲ್ಲಿ?"

"ಮೈನಸ್ ಎಂಟು, ಅಮ್ಮಾ."

"ಅಯ್ಯೋ ರಾಮ! ಹೇಗಿರ್ತೀಯೋ ಅಂಥಾ ಚಳೀಲಿ?"

"ಮನೆ ಒಳಗೆ ಟೀ ಶರ್ಟಲ್ಲೇ ಇದೀನಿ. ನಿಮ್ಮಲ್ಲಿ ಹೇಗಿದೆ?"

"ಬೆಳಿಗ್ಗೆ ಹನ್ನೊಂದಿತ್ತು. ನಿಮ್ಮಪ್ಪ ಸ್ವೆಟರ್ ಮೇಲೆ ಶಾಲು ಹೊದ್ದುಕೊಂಡು ಕೂತಿದಾರೆ."

ಸ್ವೆಟರು, ಶಾಲಿನೊಳಗೆ ನಡುಗುವವರು ಟೀ ಶರ್ಟಿನಲ್ಲಿ ಆರಾಮಾಗಿ ಕೂತವನಿಗಾಗಿ ಮರುಗುವ ಈ ಮಾತುಕತೆ ಎಷ್ಟೋ ಮನೆಗಳಿಗೆ ಪರಿಚಿತ. ನಕ್ಕು ಮರೆಯುವಂಥದ್ದೇ ಆದರೂ, ಚಳಿಯ ಊರಿನಲ್ಲಿ ಬದುಕುವುದರ ಬಗ್ಗೆ ನಡೆಯುವ ವಾದಗಳೆಲ್ಲ ಎಲ್ಲಿ ಎಡವುತ್ತವೆ ಎಂಬುದು ಈ ಐದು ಸಾಲುಗಳಲ್ಲೇ ಇದೆ. ಎಲ್ಲರೂ ಕೇಳುವುದು ಉಷ್ಣಾಂಶವನ್ನು. ಬದುಕು ನಿಂತಿರುವುದು ಬೇರೆಯದರ ಮೇಲೆ.

ಬಫಲೋ ಇಂಥ ವಾದಗಳಿಗೆ ಹೇಳಿ ಮಾಡಿಸಿದ ಊರು. ನ್ಯೂಯಾರ್ಕ್ ರಾಜ್ಯದ ಪಶ್ಚಿಮದ ಅಂಚಿನಲ್ಲಿ, ಈರಿ ಸರೋವರ ಮುಗಿದು ನಯಾಗರಾ ನದಿ ಹುಟ್ಟುವ ಜಾಗದಲ್ಲಿದೆ. ಪ್ರಸಿದ್ಧ ಜಲಪಾತ ಅರ್ಧ ಗಂಟೆಯ ದಾರಿ, ನದಿ ದಾಟಿದರೆ ಕೆನಡಾ. 2020ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 2,78,349. ಸುತ್ತಲಿನ ಉಪನಗರಗಳನ್ನು ಸೇರಿಸಿದರೆ ಹನ್ನೊಂದು ಲಕ್ಷ ದಾಟುತ್ತದೆ. ಅಮೆರಿಕದ ಲೆಕ್ಕದಲ್ಲಿ ದೊಡ್ಡದೂ ಅಲ್ಲದ, ಚಿಕ್ಕದೂ ಅಲ್ಲದ ಊರು. ಉಳಿದ ಅಮೆರಿಕಕ್ಕೆ ಬಫಲೋ ಅಂದರೆ ನೆನಪಾಗುವುದು ಎರಡೇ: ಖಾರದ ಕೋಳಿ ರೆಕ್ಕೆ ಮತ್ತು ಹಿಮ.

ಈ ಊರಿನಲ್ಲಿ ಇರಬೇಕೇ, ಬಿಡಬೇಕೇ ಎಂದು ಕೇಳಿದರೆ ಜನ ಎರಡು ಪಾಳಯವಾಗುತ್ತಾರೆ. ಇರಬೇಕು ಅನ್ನುವವರ ಪಟ್ಟಿ ಉದ್ದವಿದೆ. ಮಾಮೂಲಿ ಸಂಬಳದಲ್ಲೂ ಸ್ವಂತ ಮನೆ ಮಾಡಿಕೊಳ್ಳಬಹುದು. ಟ್ರಾಫಿಕ್ಕಿನಲ್ಲಿ ಆಯುಷ್ಯ ಕಳೆಯಬೇಕಿಲ್ಲ. ನ್ಯೂಯಾರ್ಕ್ ನಗರದ ಸೆಂಟ್ರಲ್ ಪಾರ್ಕ್ ಕಟ್ಟಿದ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ರೂಪಿಸಿದ ಉದ್ಯಾನಗಳ ಸಾಲು ಇಲ್ಲಿದೆ. ಜುಲೈಯಲ್ಲಿ ಹಗಲಿನ ಗರಿಷ್ಠ ಉಷ್ಣಾಂಶ ಸರಾಸರಿ 27 ಡಿಗ್ರಿ, ಜೂನಿನ ಸಂಜೆ ಒಂಬತ್ತರವರೆಗೂ ಬೆಳಕು. ದಾಖಲೆಯಾದ ಅತಿ ಹೆಚ್ಚಿನ ಉಷ್ಣಾಂಶ 37 ಡಿಗ್ರಿಯ ಆಸುಪಾಸು, ಅದೂ 1948ರಲ್ಲಿ. ಮೇ ತಿಂಗಳಲ್ಲಿ 45 ಡಿಗ್ರಿಯ ದೆಹಲಿಯನ್ನು ಕಂಡವರಿಗೆ ಈ ಕೊನೆಯ ಸಂಗತಿಯೊಂದೇ ಸಾಕು. ಇನ್ನು ಹಿಮವೆಂದರೆ ಈ ಪಾಳಯಕ್ಕೆ ಹೆಮ್ಮೆಯ ವಿಷಯ. 2024ರ ಜನವರಿಯಲ್ಲಿ ಫುಟ್‌ಬಾಲ್ ಪಂದ್ಯಕ್ಕೆ ಮುಂಚೆ ಕ್ರೀಡಾಂಗಣ ಹಿಮದಲ್ಲಿ ಮುಳುಗಿದಾಗ ಗಂಟೆಗೆ 20 ಡಾಲರ್ ಕೂಲಿಗೆ ಬಂದು ಹಿಮ ತೆಗೆಯಿರಿ ಎಂದು ಕರೆ ಹೋಯಿತು. ಅಭಿಮಾನಿಗಳು ಸಲಿಕೆ ಹಿಡಿದು ಬಂದೇ ಬಿಟ್ಟರು.

ಬಿಡಬೇಕು ಅನ್ನುವವರ ಮಾತೂ ಸುಳ್ಳಲ್ಲ. ಅವರಿಗೆ ಚಳಿಗಿಂತ ಕಷ್ಟವೆಂದರೆ ಬೂದು ಬಣ್ಣ. ನವೆಂಬರಿನಿಂದ ಸರೋವರದ ಮೇಲೆ ಎದ್ದ ಮೋಡ ಊರಿನ ನೆತ್ತಿ ಬಿಟ್ಟು ಕದಲುವುದಿಲ್ಲ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆ ಮುಂಚೆಯೇ ಸೂರ್ಯ ಮುಳುಗಿರುತ್ತಾನೆ. ಕತ್ತಲಲ್ಲಿ ಕೆಲಸಕ್ಕೆ ಹೋಗಿ ಕತ್ತಲಲ್ಲೇ ವಾಪಸು ಬರುವ ವಾರಗಳು ಮನಸ್ಸಿಗೆ ಏನು ಮಾಡುತ್ತವೆ ಎಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರೇ ಇದೆ. ಋತುಮಾನದ ಖಿನ್ನತೆಯನ್ನು 1984ರಲ್ಲಿ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು ವಿವರಿಸಿದ ಮೇಲೆ, ಬೆಳಿಗ್ಗೆ ಪ್ರಖರ ದೀಪದ ಮುಂದೆ ಕೂರುವುದು ಉತ್ತರದ ಊರುಗಳಲ್ಲಿ ಮಾಮೂಲಿ ಚಿಕಿತ್ಸೆಯಾಗಿದೆ. ಜೊತೆಗೆ ಕಾರಿನ ತಳಕ್ಕೆ ಉಪ್ಪಿನಿಂದ ಹಿಡಿಯುವ ತುಕ್ಕು, ಮಂಜುಗಡ್ಡೆಯ ಮೇಲೆ ಜಾರಿ ಮುರಿಯುವ ಮೂಳೆ, ಗ್ಯಾಸ್ ಬಿಲ್ಲು. ನಿವೃತ್ತರಾದವರಲ್ಲಿ ಅನುಕೂಲವಿದ್ದವರು ಚಳಿಗಾಲ ಬಂದೊಡನೆ ಫ್ಲಾರಿಡಾಕ್ಕೆ ಹಾರುತ್ತಾರೆ. ಅಂಥವರಿಗೆ ಅಮೆರಿಕನ್ನರು ಇಟ್ಟ ಅಡ್ಡಹೆಸರು 'ಹಿಮದ ಹಕ್ಕಿಗಳು'.

ಒಂದೇ ಊರಿನ ಬಗ್ಗೆ ಇಷ್ಟು ಖಚಿತವಾದ ಎರಡು ಅಭಿಪ್ರಾಯಗಳು ಇರುವುದಕ್ಕೆ ಮೊದಲ ಕಾರಣ ಬಹಳ ಸರಳ. ಆ ಊರಿನ ಹಿಮ ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ. ಇದು ಅಕ್ಷರಶಃ ನಿಜ.

ಈರಿ ಸರೋವರದ ಉದ್ದ ಸುಮಾರು 388 ಕಿಲೋಮೀಟರ್, ಸರಾಸರಿ ಆಳ ಬರೀ 19 ಮೀಟರ್. ಚಳಿಗಾಲದ ಮೊದಲಲ್ಲಿ ನೀರು ಇನ್ನೂ ಬೆಚ್ಚಗಿರುವಾಗ, ಪಶ್ಚಿಮದಿಂದ ಬರುವ ಕೊರೆಯುವ ಗಾಳಿ ಅದರ ಮೇಲೆ ಉದ್ದಕ್ಕೂ ಹಾದು ತೇವ ಹೀರಿಕೊಂಡು ಬರುತ್ತದೆ. ದಡ ಸಿಕ್ಕೊಡನೆ ಆ ತೇವವೆಲ್ಲ ಹಿಮವಾಗಿ ಸುರಿಯುತ್ತದೆ. ಸುರಿಯುವುದು ಅಗಲವಾಗಿ ಅಲ್ಲ, ಕಿರಿದಾದ ಪಟ್ಟಿಯಾಗಿ. 2014ರ ನವೆಂಬರಿನಲ್ಲಿ ದಕ್ಷಿಣದ ಉಪನಗರಗಳು ಐದಾರು ಅಡಿ ಹಿಮದಡಿ ಹೂತುಹೋಗಿದ್ದಾಗ, ಕೆಲವೇ ಮೈಲಿ ಉತ್ತರಕ್ಕೆ ನೆಲ ಮುಚ್ಚಲು ಸಾಕಾಗುವಷ್ಟು ಮಾತ್ರ ಬಿದ್ದಿತ್ತು. 2022ರ ನವೆಂಬರಿನಲ್ಲಿ ಆರ್ಚರ್ಡ್ ಪಾರ್ಕ್ ಎಂಬ ಉಪನಗರದಲ್ಲಿ ಸುಮಾರು ಎರಡು ಮೀಟರ್ ಹಿಮ ಬಿದ್ದು, ಅಲ್ಲಿನ ಫುಟ್‌ಬಾಲ್ ಪಂದ್ಯವನ್ನು ಡೆಟ್ರಾಯಿಟ್‌ಗೆ ಸಾಗಿಸಬೇಕಾಯಿತು. ಮುಂದೆ ಸರೋವರ ಹೆಪ್ಪುಗಟ್ಟಿದರೆ ಹಿಮದ ಈ ಕಾರ್ಖಾನೆ ಬಹುಮಟ್ಟಿಗೆ ನಿಲ್ಲುತ್ತದೆ. ವರ್ಷದ ಸರಾಸರಿ 95 ಇಂಚಿನ ಆಸುಪಾಸು, ಅಂದರೆ ಎಂಟು ಅಡಿ. ಅದೇ ರಾಜ್ಯದ ಸಿರಕ್ಯೂಸ್‌ನಲ್ಲಿ ಇದಕ್ಕಿಂತ ಹೆಚ್ಚು. ಜನವರಿಯ ಸರಾಸರಿ ಉಷ್ಣಾಂಶ ಮೈನಸ್ ನಾಲ್ಕು, ಮಿನಿಯಾಪೊಲಿಸ್‌ನಲ್ಲಿ ಮೈನಸ್ ಒಂಬತ್ತು. ಬಫಲೋಗಿಂತ ಹೆಚ್ಚು ಚಳಿಯ, ಹೆಚ್ಚು ಹಿಮದ ಊರುಗಳು ಬೇಕಾದಷ್ಟಿವೆ.

ಹಾಗಾದರೆ ಜನ ಬಫಲೋ ಬಿಟ್ಟದ್ದು ಚಳಿಗೋ? ಅಂಕಿಗಳು ಹಾಗೆ ಹೇಳುವುದಿಲ್ಲ. 1825ರಲ್ಲಿ ಈರಿ ಕಾಲುವೆ ತೆರೆದ ಮೇಲೆ ದೇಶದ ಗೋಧಿ ಹರಿದದ್ದು ಈ ಬಂದರಿನ ಮೂಲಕ. 1900ರಲ್ಲಿ ಇದು ಅಮೆರಿಕದ ಎಂಟನೆಯ ದೊಡ್ಡ ನಗರ. 1950ರಲ್ಲಿ ಜನಸಂಖ್ಯೆ 5,80,132. ಆಗಲೂ ಇದೇ ಸರೋವರ, ಇದೇ ಗಾಳಿ. ಊರು ಬರಿದಾಗತೊಡಗಿದ್ದು ಆಮೇಲೆ. 1959ರಲ್ಲಿ ಸೇಂಟ್ ಲಾರೆನ್ಸ್ ಜಲಮಾರ್ಗ ತೆರೆದು ಹಡಗುಗಳು ಬಫಲೋದಲ್ಲಿ ನಿಲ್ಲದೆ ಸಾಗುವಂತಾಯಿತು. ಮನೆಗಳು ಉಪನಗರಗಳ ಕಡೆ ಸರಿದವು. 1983ರ ಹೊತ್ತಿಗೆ ಪಕ್ಕದ ಲ್ಯಾಕವಾನಾದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆ ಹೆಚ್ಚುಕಡಿಮೆ ಮುಚ್ಚಿಹೋಯಿತು. 2010ಕ್ಕೆ ಜನಸಂಖ್ಯೆ 2,61,310ಕ್ಕೆ ಇಳಿದಿತ್ತು. ಕೆಲಸವಿದ್ದಾಗ ಚಳಿ ಯಾರನ್ನೂ ಓಡಿಸಲಿಲ್ಲ. ಕೆಲಸ ಹೋದ ಮೇಲೆ ಎಲ್ಲರ ಬಾಯಲ್ಲೂ ಚಳಿಯೇ ಕಾರಣವಾಯಿತು. ಹವಾಮಾನವನ್ನು ದೂರುವುದು ಸುಲಭ. ಅದು ಯಾರನ್ನೂ ಹೊಣೆ ಮಾಡುವುದಿಲ್ಲ.

2010ರಿಂದ 2020ರ ನಡುವೆ, ಎಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ, ಜನಸಂಖ್ಯೆ ಏರಿತು. ಹೊಸದಾಗಿ ಬಂದವರಲ್ಲಿ ಬಹಳ ಮಂದಿ ಹಿಮವನ್ನೇ ಕಾಣದ ನಾಡಿನವರು: ಬರ್ಮಾ, ಸೊಮಾಲಿಯಾ, ಕಾಂಗೋದ ನಿರಾಶ್ರಿತರು, ನ್ಯೂಯಾರ್ಕ್ ನಗರದ ಬಾಡಿಗೆ ತಾಳಲಾರದೆ ಬಂದ ಬಾಂಗ್ಲಾದೇಶೀಯರು, 2017ರ ಮರಿಯಾ ಚಂಡಮಾರುತದ ನಂತರ ಬಂದ ಪೋರ್ಟೊರಿಕೊದವರು. ಈಸ್ಟ್ ಸೈಡ್‌ನ ಪಾಳುಬಿದ್ದ ಮರದ ಮನೆಗಳನ್ನು ಬಾಂಗ್ಲಾದೇಶದ ಕುಟುಂಬಗಳು ಕೊಂಡು ರಿಪೇರಿ ಮಾಡಿಸಿ ಬೀದಿಗಳಿಗೆ ಮತ್ತೆ ದೀಪ ಹಚ್ಚಿದ್ದಾರೆ. ಬಂಗಾಳ ಕೊಲ್ಲಿಯ ಸೆಕೆಯಲ್ಲಿ ಬೆಳೆದವರು ಬಫಲೋದ ಜನವರಿಯನ್ನು ಒಪ್ಪಿಕೊಂಡದ್ದು ಚಳಿಯ ಮೇಲಿನ ಪ್ರೀತಿಯಿಂದಲ್ಲ. ಮನೆಯ ಬೆಲೆ, ಮಕ್ಕಳ ಶಾಲೆ, ನಮಾಜಿಗೆ ಹತ್ತಿರದಲ್ಲೊಂದು ಮಸೀದಿ, ತಮ್ಮವರ ಗುಂಪು, ಇವುಗಳ ಪಕ್ಕದಲ್ಲಿ ಚಳಿಯನ್ನೂ ಇಟ್ಟು ತೂಗಿ ನೋಡಿದ್ದಾರೆ.

ಇಲ್ಲಿಯವರೆಗಿನ ಮಾತು ಊರನ್ನು ಹೊಗಳುವವರ ಪರ ಅನ್ನಿಸಬಹುದು. 2022ರ ಡಿಸೆಂಬರನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಅದು ಮೋಸದ ಲೆಕ್ಕವಾಗುತ್ತದೆ.

ಆ ಡಿಸೆಂಬರ್ 23ರ ಶುಕ್ರವಾರ ಬಂದ ಹಿಮಬಿರುಗಾಳಿ ಹೇಳದೆ ಕೇಳದೆ ಬಂದದ್ದಲ್ಲ. ಒಂದು ತಲೆಮಾರಿಗೊಮ್ಮೆ ಬರುವಂಥದ್ದು ಎಂದು ಹವಾಮಾನ ಇಲಾಖೆ ದಿನಗಳ ಮುಂಚೆಯೇ ಎಚ್ಚರಿಸಿತ್ತು. ಆದರೂ ವಾಹನ ಸಂಚಾರ ನಿಷೇಧದ ಆದೇಶ ಜಾರಿಗೆ ಬಂದದ್ದು ಅಂದು ಬೆಳಿಗ್ಗೆ 9:30ಕ್ಕೆ, ಪ್ರಕಟವಾದದ್ದು ಅದಕ್ಕೆ ಒಂದು ಗಂಟೆಗೂ ಕಡಿಮೆ ಮುಂಚೆ. ಅಷ್ಟು ಹೊತ್ತಿಗೆ ಕೆಲಸಕ್ಕೆ ಹೋಗಲೇಬೇಕಾದವರು ಹೋಗಿಯಾಗಿತ್ತು. ಗಂಟೆಗೆ ನೂರು ಕಿಲೋಮೀಟರ್ ಮೀರಿದ ಗಾಳಿ, ಕಣ್ಣೆದುರಿನ ಕೈ ಕಾಣದಷ್ಟು ಹಿಮ. ಒಂದೂವರೆ ದಿನ ಅದು ಬಿಡಲೇ ಇಲ್ಲ. ಆಂಬುಲೆನ್ಸುಗಳು, ಅಗ್ನಿಶಾಮಕ ವಾಹನಗಳು, ಹಿಮ ತಳ್ಳುವ ಲಾರಿಗಳು ತಾವೇ ಹಿಮದಲ್ಲಿ ಹೂತುಕೊಂಡವು. ಕರೆ ಮಾಡಿದವರಿಗೆ ಯಾರೂ ಬರಲಾರರು ಎಂಬ ಉತ್ತರ ಸಿಕ್ಕಿತು. ಬಫಲೋ ಇರುವ ಈರಿ ಕೌಂಟಿಯಲ್ಲಿ ಸತ್ತವರು 47 ಮಂದಿ. ಕೆಲವರು ಕಾರಿನೊಳಗೆ, ಕೆಲವರು ಬೀದಿಯಲ್ಲಿ, ಕೆಲವರು ಕರೆಂಟು ಹೋಗಿ ಹೀಟಿಂಗ್ ನಿಂತ ಮನೆಯಲ್ಲಿ. ಹಿಮ ತೆಗೆಯುವಾಗ ಎದೆ ಹಿಡಿದುಕೊಂಡು ಕುಸಿದವರೂ ಇದ್ದರು. ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ಜನ. ಕೌಂಟಿಯ ಜನಸಂಖ್ಯೆಯಲ್ಲಿ ಅವರ ಪಾಲು ಸುಮಾರು ಏಳರಲ್ಲಿ ಒಂದು.

ಗಾಳಿಗೆ ಮೈಬಣ್ಣ ಗೊತ್ತಾಗುವುದಿಲ್ಲ. ಆದರೆ ಊರಿನ ಕಪ್ಪು ಜನರಲ್ಲಿ ಹೆಚ್ಚಿನವರು ಇರುವುದು ಈಸ್ಟ್ ಸೈಡ್‌ನಲ್ಲಿ. ಅಲ್ಲಿ ಮನೆಗಳು ಹಳೆಯವು, ಸಂದುಗಳಲ್ಲಿ ಗಾಳಿ ನುಗ್ಗುವಂಥವು. ದೊಡ್ಡ ದಿನಸಿ ಅಂಗಡಿಗಳೇ ಕಡಿಮೆ. ವಾರಕ್ಕಾಗುವಷ್ಟು ಸಾಮಾನು ತಂದು ತುಂಬಿಸಿಡಲು ಕೈಯಲ್ಲಿ ದುಡ್ಡೂ ಬೇಕು, ತರಲು ಕಾರೂ ಬೇಕು. ಬಫಲೋ ನಗರದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮನೆಗೆ ಕಾರಿಲ್ಲ. ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವವರಿಗೆ ಅಂದು ಮನೆಯಲ್ಲೇ ಇರಿ ಎಂಬ ಸಲಹೆ ಪಾಲಿಸುವುದು ಕಷ್ಟವಾಗಲಿಲ್ಲ. ಆಸ್ಪತ್ರೆಯ ಆಯಾಗಳು, ಅಂಗಡಿಯ ಕ್ಯಾಷಿಯರುಗಳು ಅದನ್ನು ಪಾಲಿಸಿದರೆ ಆ ದಿನದ ಸಂಬಳ ಹೋಗುತ್ತಿತ್ತು.

ಆ ನಾಲ್ಕು ದಿನಗಳಲ್ಲಿ ಊರಿನ ಜನ ಒಬ್ಬರಿಗೊಬ್ಬರು ಆದದ್ದೂ ನಿಜ. ಈಸ್ಟ್ ಸೈಡ್‌ನ ಒಬ್ಬ ಮಹಿಳೆ, ಕೈಗಳು ಹಿಮಕ್ಕೆ ಮರಗಟ್ಟಿ ಬೀದಿಯಲ್ಲಿ ಕೂಗುತ್ತಿದ್ದ ಅಪರಿಚಿತ ಮುದುಕನೊಬ್ಬನನ್ನು ಒಳಗೆ ಕರೆದುಕೊಂಡಳು. ಹೇರ್ ಡ್ರೈಯರ್ ಹಿಡಿದು ಅವನ ಕೈಯ ಮಂಜು ಕರಗಿಸಿದಳು. ಆಂಬುಲೆನ್ಸ್ ಬರುವುದಿಲ್ಲವೆಂದು ಗೊತ್ತಾದಾಗ ಫೇಸ್‌ಬುಕ್ಕಿನಲ್ಲಿ ಅಳುತ್ತಾ ಮೊರೆಯಿಟ್ಟಳು. ಯಾರೋ ಬಂದು ದಾರಿ ಬಿಡಿಸಿ ಆಸ್ಪತ್ರೆ ಮುಟ್ಟಿಸಿದರು. ಪಕ್ಕದ ಚೀಕ್ಟವಾಗಾದಲ್ಲಿ ದಾರಿಯಲ್ಲಿ ಸಿಕ್ಕಿಬಿದ್ದ ಒಬ್ಬ, ಶಾಲೆಯೊಂದರ ಕಿಟಕಿ ಒಡೆದು ಇಪ್ಪತ್ತಕ್ಕೂ ಹೆಚ್ಚು ಜನರನ್ನು ಒಳಗೆ ಸೇರಿಸಿದ, ಹೊರಡುವಾಗ ಕ್ಷಮೆ ಕೇಳಿ ಚೀಟಿ ಬರೆದಿಟ್ಟ. ನಯಾಗರಾ ನೋಡಲು ಹೊರಟಿದ್ದ ದಕ್ಷಿಣ ಕೊರಿಯಾದ ಪ್ರವಾಸಿಗಳ ವ್ಯಾನು ಹಿಮದಲ್ಲಿ ಸಿಕ್ಕಿಕೊಂಡಾಗ, ಸಲಿಕೆ ಕೇಳಲು ಬಂದವರನ್ನು ಒಂದು ಮನೆಯವರು ಒಳಗೆ ಕರೆದು ಕ್ರಿಸ್ಮಸ್ ದಿನದವರೆಗೆ ಇಟ್ಟುಕೊಂಡರು.

ಬಫಲೋಗೆ 'ಒಳ್ಳೆಯ ನೆರೆಹೊರೆಯವರ ಊರು' ಎಂಬ ಹಳೆಯ ಬಿರುದಿದೆ. ಈ ಕಥೆಗಳು ಅದಕ್ಕೆ ಸಾಕ್ಷಿ. ಆದರೆ ಅವನ್ನು ಇನ್ನೊಂದು ರೀತಿಯಲ್ಲೂ ಓದಬೇಕು. ಹೇರ್ ಡ್ರೈಯರಿನಿಂದ ಜೀವ ಉಳಿಸಬೇಕಾಗಿ ಬಂದದ್ದು ಆಂಬುಲೆನ್ಸ್ ಬರದಿದ್ದುದರಿಂದ. ಶಾಲೆಯ ಕಿಟಕಿ ಒಡೆಯಬೇಕಾದದ್ದು ಅದರ ಬಾಗಿಲನ್ನು ಯಾರೂ ತೆರೆದಿಡದಿದ್ದುದರಿಂದ. ಗಟ್ಟಿ ಜನ, ಒಳ್ಳೆ ಜನ ಎಂಬ ಹೊಗಳಿಕೆ ಎಷ್ಟೋ ಸಲ ಆಡಳಿತದ ಕೈಗೆ ಸಿಕ್ಕ ರಜಾಚೀಟಿಯಾಗುತ್ತದೆ. ಮುಂಬೈನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2005ರ ಜುಲೈ 26ರ ಮಳೆಯ ನಂತರ 'ಮುಂಬೈ ಸ್ಪಿರಿಟ್' ಎಂಬ ಮಾತು ಎಷ್ಟು ಸಲ ಕೇಳಿಬಂತು, ಪ್ರತಿ ಮಳೆಗಾಲದಲ್ಲೂ ಅದೇ ತಗ್ಗುಗಳಲ್ಲಿ ಅದೇ ನೀರು ಹೇಗೆ ನಿಂತಿತು ಎಂಬುದು ಅವರಿಗೆ ಗೊತ್ತು. ನೆರೆಯವರ ಒಳ್ಳೆಯತನ ಊರಿನ ಭಾಗ್ಯ. ಅದನ್ನೇ ವ್ಯವಸ್ಥೆ ಎಂದು ಕರೆಯುವುದು ಮೋಸ.

ಬಿರುಗಾಳಿ ತಲೆಮಾರಿಗೊಮ್ಮೆ ಬರುವಂಥದ್ದು, ಅದನ್ನು ಹಿಡಿದು ಊರನ್ನು ಅಳೆಯಬಾರದು ಎಂದು ವಾದಿಸಬಹುದು. ಸರಿ, ಮಾಮೂಲಿ ಜನವರಿಯ ಮಂಗಳವಾರವೊಂದನ್ನು ನೋಡೋಣ. ರಾತ್ರಿ ಆರು ಇಂಚು ಬಿದ್ದಿದೆ. ನಗರಸಭೆಯ ಲಾರಿಗಳು ಬೆಳಗಿನ ಜಾವವೇ ಮುಖ್ಯ ರಸ್ತೆಗಳಿಗೆ ಉಪ್ಪೆರಚಿ ಹಿಮವನ್ನು ಬದಿಗೆ ತಳ್ಳಿವೆ. ಆ ಹಿಮ ಹೋಗಿ ಗುಡ್ಡೆಯಾದದ್ದು ಫುಟ್‌ಪಾತಿನ ಮೇಲೆ, ಬಸ್‌ಸ್ಟಾಪಿನ ಮುಂದೆ. ಫುಟ್‌ಪಾತನ್ನು ಬಿಡಿಸುವ ಹೊಣೆ ನಿಯಮದ ಪ್ರಕಾರ ಆಯಾ ಮನೆಯ ಮಾಲೀಕನದು. ಮಾಲೀಕ ವಯಸ್ಸಾದವನಾದರೆ, ಬೇರೆ ಊರಿನಲ್ಲಿದ್ದರೆ, ಮನೆಯೇ ಖಾಲಿಯಿದ್ದರೆ ಹಿಮ ಅಲ್ಲೇ ಉಳಿಯುತ್ತದೆ, ಮರುದಿನ ಗಾಜಿನಂಥ ಮಂಜುಗಡ್ಡೆಯಾಗುತ್ತದೆ. ಕಾರಿನವರ ದಾರಿಯನ್ನು ಊರು ಬಿಡಿಸಿಕೊಡುತ್ತದೆ, ನಡೆಯುವವರ ದಾರಿಯನ್ನು ಅದೃಷ್ಟಕ್ಕೆ ಬಿಡುತ್ತದೆ. ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡ ತಾಯಿ, ಗಾಲಿಕುರ್ಚಿಯವರು, ಕೋಲೂರಿ ನಡೆಯುವವರು ರಸ್ತೆಗೇ ಇಳಿಯುತ್ತಾರೆ.

ಬೇರೆ ದಾರಿಯೇ ಇಲ್ಲವೆಂದಲ್ಲ. ಪೂರ್ವಕ್ಕೆ ಸುಮಾರು 120 ಕಿಲೋಮೀಟರ್ ದೂರದಲ್ಲಿ, ಇನ್ನೊಂದು ಸರೋವರದ ಹಿಮಕ್ಕೆ ಸಿಕ್ಕುವ ರಾಚೆಸ್ಟರ್ ಇದೆ. ಹಿಮ ಒಂದು ಮಟ್ಟ ಮೀರಿದಾಗ ಅಲ್ಲಿ ಫುಟ್‌ಪಾತುಗಳಿಗೂ ನಗರಸಭೆಯೇ ಯಂತ್ರ ಕಳಿಸುತ್ತದೆ. ಅದರ ಖರ್ಚು ಮನೆ ಮಾಲೀಕರೆಲ್ಲರ ಮೇಲೆ ಸ್ವಲ್ಪ ಸ್ವಲ್ಪ ಹಂಚಿಹೋಗುತ್ತದೆ. ಎರಡೂ ಊರುಗಳ ಚಳಿ ಹೆಚ್ಚುಕಡಿಮೆ ಒಂದೇ. ಬಸ್ಸಿಗೆ ಕಾಯುವವರ ಪಾಲಿಗೆ ಎರಡು ಊರುಗಳ ಜನವರಿ ಮಾತ್ರ ಬೇರೆ ಬೇರೆ.

ಪುಣೆಯ ಶಾಲು ಮತ್ತು ಬಫಲೋದ ಟೀ ಶರ್ಟಿನ ಒಗಟಿಗೂ ಉತ್ತರ ಇಲ್ಲೇ ಇದೆ. ಚಳಿಗಾಲದಲ್ಲಿ ಬಹಳಷ್ಟು ದೇಶಗಳಲ್ಲಿ ಸಾವು ಮಾಮೂಲಿಗಿಂತ ಹೆಚ್ಚುತ್ತದೆ. ಯುರೋಪಿನ 14 ದೇಶಗಳ ಹತ್ತು ವರ್ಷಗಳ ಅಂಕಿಗಳನ್ನು ಹೋಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈ ಹೆಚ್ಚಳ ಎಲ್ಲಕ್ಕಿಂತ ಅಧಿಕವಾಗಿದ್ದ ದೇಶ ಪೋರ್ಚುಗಲ್, ಶೇಕಡಾ 28. ಹಿಮದ ನಾಡಾದ ಫಿನ್‌ಲೆಂಡಿನಲ್ಲಿ ಶೇಕಡಾ 10. ಬಿಸಿಲಿನ ಪೋರ್ಚುಗಲ್ ಚಳಿಯನ್ನು ಅತಿಥಿ ಎಂದುಕೊಂಡು ತೆಳುಗೋಡೆಯ ಮನೆ ಕಟ್ಟಿತು. ಫಿನ್‌ಲೆಂಡ್ ಚಳಿಯನ್ನು ಮನೆಯ ಸದಸ್ಯನೆಂದು ಒಪ್ಪಿ ದಪ್ಪ ಗೋಡೆ, ಎರಡು ಮೂರು ಪದರದ ಗಾಜು ಹಾಕಿತು. ಜನವರಿಯ ದೆಹಲಿಯಲ್ಲಿ ಏಳೆಂಟು ಡಿಗ್ರಿಗೆ ಜನ ಸಾಯುವುದು, ರಾತ್ರಿ ಆಶ್ರಯಗಳ ವಿಷಯದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟೇ ಮಧ್ಯೆ ಬರಬೇಕಾದದ್ದು, ಇವನ್ನು ನೋಡಿದವರಿಗೆ ಇದು ಹೊಸದೇನಲ್ಲ. ಮನುಷ್ಯನ ಮೈಗೆ ತಾಕುವ ಚಳಿ ಹವಾಮಾನ ವರದಿಯದ್ದಲ್ಲ, ಅವನು ಮಲಗುವ ಕೋಣೆಯದು.

ಆದರೆ ಬಫಲೋದ ಕೋಣೆಗಳೆಲ್ಲ ಟೀ ಶರ್ಟಿನ ಕೋಣೆಗಳಲ್ಲ. ಅಲ್ಲಿನ ವಸತಿ ಅಮೆರಿಕದ ಅತಿ ಹಳೆಯ ವಸತಿಗಳ ಪೈಕಿ ಸೇರುತ್ತದೆ. ಎರಡನೆಯ ಮಹಾಯುದ್ಧಕ್ಕೂ ಮುಂಚಿನ ಮರದ ಮನೆಗಳು ಬೀದಿಬೀದಿಯಲ್ಲಿವೆ. ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಬಾಗಿಲ ಸಂದಿಗೆ ಟವೆಲ್ ತುರುಕಿ, ಎರಡು ಕೋಣೆ ಮುಚ್ಚಿ ಒಂದೇ ಕೋಣೆಯನ್ನು ಬೆಚ್ಚಗಿಡುವ ಮನೆಗಳೂ ಇವೆ. ಬಡವರ ಹೀಟಿಂಗ್ ಬಿಲ್ಲಿಗೆ ಸರ್ಕಾರದ ನೆರವಿನ ಯೋಜನೆ ಇದೆ. ಅದು ಬಿಲ್ಲನ್ನು ಕಟ್ಟುತ್ತದೆ, ಗೋಡೆಯನ್ನು ದಪ್ಪ ಮಾಡುವುದಿಲ್ಲ. ಗೋಡೆ, ಕಿಟಕಿ ಸರಿಪಡಿಸುವ ಖರ್ಚು ಮಾಲೀಕನದು, ಬಿಲ್ಲಿನ ಹೊರೆ ಎಷ್ಟೋ ಕಡೆ ಬಾಡಿಗೆಯವನದು. ಹೀಗಿರುವಾಗ ಮಾಲೀಕನಿಗೆ ಅವಸರವಾದರೂ ಏಕೆ?

ಉತ್ತರ ಯುರೋಪಿನವರದ್ದೊಂದು ಗಾದೆ ಚಳಿಯ ಊರುಗಳಲ್ಲೆಲ್ಲ ಚಲಾವಣೆಯಲ್ಲಿದೆ: ಕೆಟ್ಟ ಹವೆ ಎಂಬುದಿಲ್ಲ, ಕೆಟ್ಟ ಬಟ್ಟೆ ಮಾತ್ರ ಇದೆ ಎಂದು. ಕೇಳಲು ಚೆನ್ನಾಗಿದೆ. ಒಳ್ಳೆಯ ಕೋಟು, ಬೂಟು ಚಳಿಯನ್ನು ತಡೆಯುತ್ತವೆ ಎಂಬುದೂ ಹೌದು. ಬಾರದ ಬಸ್ಸಿಗಾಗಿ ನಲವತ್ತು ನಿಮಿಷ ಕಾಯುವುದನ್ನು ಯಾವ ಕೋಟೂ ತಡೆಯುವುದಿಲ್ಲ. ಈ ಗಾದೆಯಲ್ಲಿ ಚಳಿ ಒಬ್ಬೊಬ್ಬರ ಸ್ವಂತ ಸಮಸ್ಯೆಯಾಗಿಬಿಡುತ್ತದೆ. ನಡುಗಿದರೆ ತಪ್ಪು ನಡುಗುವವನದ್ದೇ!

ಕನ್ನಡದ ಮಕ್ಕಳು ಸಿಕ್ಕುವ ವಿಶ್ವವಿದ್ಯಾಲಯದಲ್ಲೂ ಇದೇ ಪಾಠ ಕಣ್ಣಿಗೆ ಕಾಣುವಂತಿದೆ. ಬಫಲೋ ವಿಶ್ವವಿದ್ಯಾಲಯದ ಉತ್ತರ ಕ್ಯಾಂಪಸ್ಸಿನಲ್ಲಿ ಮುಖ್ಯ ಕಟ್ಟಡಗಳಲ್ಲಿ ಬಹಳಷ್ಟನ್ನು ಮುಚ್ಚಿದ ಮೇಲ್ಸೇತುವೆಗಳಿಂದ ಹೆಣೆದಿದ್ದಾರೆ. ಹೊರಗೆ ಹಿಮ ಸುರಿಯುತ್ತಿದ್ದರೂ ಒಂದು ತರಗತಿಯಿಂದ ಇನ್ನೊಂದಕ್ಕೆ ಕೋಟಿಲ್ಲದೆ ಹೋಗಬಹುದು. ಚಳಿಯನ್ನು ಮುಂಚಿತವಾಗಿ ಯೋಚಿಸಿ ಕಟ್ಟಿದ ಜಾಗ ಅದು. ಆದರೆ ಬಾಡಿಗೆ ಕಡಿಮೆಯೆಂದು ಎಷ್ಟೋ ವಿದ್ಯಾರ್ಥಿಗಳು ಮನೆ ಹಿಡಿಯುವುದು ಕೆಲವು ಮೈಲಿ ದೂರದ ದಕ್ಷಿಣ ಕ್ಯಾಂಪಸ್ಸಿನ ಸುತ್ತಲಿನ ಹಳೆಯ ಮನೆಗಳಲ್ಲಿ. ಕ್ಯಾಂಪಸ್ಸಿನ ಒಳಗಿನ ದಾರಿ ಬೆಚ್ಚಗಿದೆ, ಮನೆಯಿಂದ ಬಸ್‌ಸ್ಟಾಪಿನವರೆಗಿನ ದಾರಿ ಜಾರುತ್ತದೆ. ಒಂದೇ ದಿನ, ಒಬ್ಬನೇ ಹುಡುಗ, ಎರಡು ಚಳಿ. ಬೆಚ್ಚನೆಯ ಹಾಸ್ಟೆಲಿನಲ್ಲಿ ಇದ್ದವನು ಊರಿಗೆ ಬಂದು ಬಫಲೋ ಸ್ವರ್ಗ ಅನ್ನುತ್ತಾನೆ. ನಾಲ್ವರು ಸೇರಿ ಹಿಡಿದ ಹಳೆಮನೆಯ ಮೇಲಿನ ಮಹಡಿಯಲ್ಲಿದ್ದವನು ಆ ಕಡೆ ತಲೆ ಹಾಕಬೇಡಿ ಅನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಈ ಊರಿನ ಮುಂದಿನ ದಿನಗಳ ಬಗ್ಗೆಯೂ ವಾದವಿದೆ. ಭೂಮಿ ಬಿಸಿಯಾಗುತ್ತಾ ಹೋದಂತೆ ಸಿಹಿನೀರು ಹೇರಳವಾಗಿರುವ, ಸೆಕೆ ಕಡಿಮೆಯಿರುವ ಬಫಲೋದಂಥ ಊರುಗಳಿಗೆ ಜನ ಮರಳುತ್ತಾರೆ ಎಂಬುದು ಒಂದು ನಂಬಿಕೆ. 2019ರಲ್ಲಿ ಆಗಿನ ಮೇಯರ್ ಬೈರನ್ ಬ್ರೌನ್ ಬಫಲೋ 'ಹವಾಮಾನದ ಆಶ್ರಯತಾಣ'ವಾಗುತ್ತದೆ ಎಂದು ಸಾರಿದರು. ಮೂರೇ ವರ್ಷಕ್ಕೆ ಆ ಡಿಸೆಂಬರ್ ಬಂತು. ನಗೆಯಾಡಿದವರಿದ್ದರು. ಆದರೆ ಅದಕ್ಕೆ ಮೂರು ತಿಂಗಳ ಹಿಂದೆ, ಹಿಮದ ಹಕ್ಕಿಗಳು ಹಾರಿಹೋಗುವ ಅದೇ ಫ್ಲಾರಿಡಾದಲ್ಲಿ ಇಯಾನ್ ಚಂಡಮಾರುತ ಸುಮಾರು 150 ಜನರನ್ನು ಬಲಿ ತೆಗೆದುಕೊಂಡಿತ್ತು. ತಾನಾಗಿಯೇ ಸುರಕ್ಷಿತವಾಗಿರುವ ಊರು ಭೂಪಟದಲ್ಲಿ ಇಲ್ಲ. ಆಶ್ರಯವೆನ್ನುವುದು ಅಕ್ಷಾಂಶ ರೇಖಾಂಶಗಳಿಂದ ಬರುವುದಿಲ್ಲ. ಹಿಮ ತಳ್ಳುವ ಲಾರಿ, ಹೊತ್ತಿಗೆ ಸರಿಯಾದ ಆದೇಶ, ತೆರೆದಿಟ್ಟ ಶಾಲೆಯ ಬಾಗಿಲು, ಇವುಗಳಿಂದ ಅದನ್ನು ಕಟ್ಟಿಕೊಳ್ಳಬೇಕು, ಪ್ರತಿ ವರ್ಷವೂ ಹೊಸದಾಗಿ.

ಹಿಮ ಕಾಣದ ಕನ್ನಡಿಗರಿಗೆ ಇದು ದೂರದ ವಿಷಯ ಅನ್ನಿಸಿದರೆ ಮಲೆನಾಡಿನ ಮಳೆಗಾಲವನ್ನು ನೆನೆಯಬಹುದು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಕಡೆಯವರನ್ನು ಬಯಲುಸೀಮೆಯವರು ಕೇಳುವುದೂ ಅದೇ ಪ್ರಶ್ನೆ: ಆ ಮಳೆಯಲ್ಲಿ ಹೇಗಿರ್ತೀರಿ ಮಾರಾಯ್ರೇ? ಕಟ್ಟಿಗೆ ಒಟ್ಟಿ, ಹಪ್ಪಳ ಸಂಡಿಗೆ ಮಾಡಿಟ್ಟು, ಮಳೆಗಾಲವನ್ನು ಎದುರುಗೊಳ್ಳುವ ಮನೆಗೆ ಆ ಮಳೆಯೊಂದು ಸುಖ. ಜಗಲಿಯಲ್ಲಿ ಕಾಫಿ ಹಿಡಿದು ಕೂತು ಮಳೆ ನೋಡಲೆಂದೇ ಹೋಮ್‌ಸ್ಟೇಗೆ ಬರುವವರಿಗಂತೂ ಸುಖವೇ ಸುಖ. ಅದೇ ಮಳೆಯಲ್ಲಿ, ಅದೇ ಸೀಮೆಯಲ್ಲಿ, ಸೇತುವೆಯಿಲ್ಲದ ಹಳ್ಳವನ್ನು ಅಡಿಕೆ ಮರದ ಕಾಲುಸಂಕದ ಮೇಲೆ ದಾಟಿ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಜಾರಿ ಕೊಚ್ಚಿಹೋದ ಮಗುವಿನ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ಮಳೆ ಚೆಂದವೋ ಭೀಕರವೋ ಎಂಬ ಚರ್ಚೆ ಆ ಮಗುವಿನ ಮನೆಯವರಿಗೆ ಬೇಕಿಲ್ಲ. ಅವರಿಗೆ ಬೇಕಿದ್ದದ್ದು ಒಂದು ಸೇತುವೆ.

ಬಫಲೋದ ಎರಡೂ ಪಾಳಯಗಳಿಗೆ ಹೇಳಬೇಕಾದ ಮಾತೂ ಇಷ್ಟೇ. ಹಿಮವನ್ನು ಪ್ರೀತಿಸುವವರು ತಮ್ಮ ಪ್ರೀತಿಯ ಹಿಂದೆ ಬೆಚ್ಚನೆಯ ಮನೆ, ಓಡುವ ಕಾರು, ತಪ್ಪದೆ ಬರುವ ಸಂಬಳ ಇವೆಯೇ ಎಂದು ನೋಡಿಕೊಳ್ಳಬೇಕು. ಹಿಮವನ್ನು ಶಪಿಸುವವರು ತಾವು ಶಪಿಸಬೇಕಾದದ್ದು ಆಕಾಶವನ್ನೋ, ಬಿಡಿಸದೆ ಬಿಟ್ಟ ಫುಟ್‌ಪಾತನ್ನೋ ಎಂದು ಯೋಚಿಸಬೇಕು. ಆಕಾಶಕ್ಕೆ ಅರ್ಜಿ ಕೊಡಲಾಗುವುದಿಲ್ಲ. ನಗರಸಭೆಗೆ ಕೊಡಬಹುದು.

ಪುಣೆಯ ಆ ಫೋನಿನಲ್ಲೂ ಪ್ರಶ್ನೆಗಳು ಸ್ವಲ್ಪ ಬದಲಾದರೆ ಒಳ್ಳೆಯದು. ಹಿಡಿದಿರುವ ಮನೆಯ ಕಿಟಕಿಗೆ ಎಷ್ಟು ಪದರದ ಗಾಜಿದೆ? ಹೀಟಿಂಗ್ ಬಿಲ್ಲು ಬಾಡಿಗೆಯಲ್ಲಿ ಸೇರಿದೆಯೋ ಇಲ್ಲವೋ? ಬಸ್‌ಸ್ಟಾಪಿಗೆ ಎಷ್ಟು ದೂರ? ಕರೆಂಟು ಹೋದರೆ ಹೋಗಿ ಕೂರಲು ಒಂದು ಜಾಗ ಗೊತ್ತಿದೆಯೇ? ಮನೆಯಲ್ಲಿ ನಾಲ್ಕು ದಿನಕ್ಕಾಗುವಷ್ಟು ಅಕ್ಕಿಬೇಳೆ ಇದೆಯೇ? ಕೊನೆಯದಾಗಿ, ಪಕ್ಕದ ಮನೆಯಲ್ಲಿ ಒಬ್ಬರೇ ಇರುವ ಆ ಅಜ್ಜಿಯ ಮನೆ ಮುಂದಿನ ಹಿಮ ಯಾರು ತೆಗೆಯುತ್ತಾರೆ?

ಕೊನೆಯ ಪ್ರಶ್ನೆಗೆ "ನಾವೇ ತೆಗೀತೀವಿ ಅಮ್ಮಾ" ಎಂಬ ಉತ್ತರ ಬಂದರೆ ತಾಯಿಗೆ ಹೆಮ್ಮೆಯಾಗುವುದು ಸಹಜ. "ನಗರಸಭೆಯವರೇ ಬಂದು ತೆಗೀತಾರೆ" ಎಂಬ ಉತ್ತರ ಬರುವ ದಿನ ಬಫಲೋ ನಿಜಕ್ಕೂ ಇರಬಹುದಾದ ಊರಾಗಿರುತ್ತದೆ, ಆ ಅಜ್ಜಿಗೂ.